ಸ್ತ್ರೀ-ಪುರುಷ ವಿಚಾರದ ಗ್ರಂಥಗಳು ಮತ್ತು ಪುರುಷ ವಾಚಕ

ನಮ್ಮ ನಾಡಿನ ದೊಡ್ಡ ಗ್ರಂಥಾಲಯಗಳನ್ನು ಹೊಕ್ಕು ನೋಡಿದರೆ ಸ್ತ್ರೀಯರನ್ನು ಕುರಿತ ಗ್ರಂಥಗಳಿಗೆಂದೇ ಒಂದು ಕಪಾಟು ಕಾಣಸಿಗುತ್ತದೆ. ಸ್ತ್ರೀಧರ್ಮ, ಸ್ತ್ರೀಶಿಕ್ಷಣ, ಸ್ತ್ರೀವಿಮೋಚನೆ ಎಂದು ಕಾಲಕಾಲಕ್ಕೆ ಹೆಸರು ಬದಲಾದರೂ ಕಪಾಟು ಅದೇ. ಪುರುಷರನ್ನು ಕುರಿತ ಗ್ರಂಥಗಳಿಗೆ ಮಾತ್ರ ಅಂಥ ಪ್ರತ್ಯೇಕ ಸ್ಥಾನವಿಲ್ಲ. ಮಿಕ್ಕ ಕಪಾಟುಗಳೆಲ್ಲ ಅವರವೇ ಆಗಿರುವಾಗ ಪ್ರತ್ಯೇಕ ಸ್ಥಾನವೇಕೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಯಲ್ಲಿಯೇ ಈ ಲೇಖನದ ವಿಷಯ ಅಡಗಿದೆ.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು. ಪತಿವ್ರತೆಯ ನಡೆನುಡಿ ಹೇಗಿರಬೇಕೆಂಬುದು ಅದರ ವಸ್ತು. ಹೆಣ್ಣುಮಗುವನ್ನು ಹಗುರವಾಗಿ ಕಾಣುವವರನ್ನು ಆ ಕವಯಿತ್ರಿ ದಿಟ್ಟತನದಿಂದ ಖಂಡಿಸಿದ್ದಾಳೆಂಬುದು ಆ ಕಾವ್ಯದ ಹಿರಿಮೆ. ಆದರೆ ಹದಿಬದೆಯ ಧರ್ಮಕ್ಕೆ ಜೋಡಿಯಾಗಿ ಆಕೆಯ ಗಂಡನ ಧರ್ಮವನ್ನು ತಿಳಿಸುವ ಕಾವ್ಯವೊಂದನ್ನು ನಮ್ಮ ಮನೆಗಳಲ್ಲಿ ಗಂಡುಮಕ್ಕಳ ಕೈಗಿತ್ತು ಓದಿಸಿದ್ದುಂಟೆ? ಹೆಣ್ಣಾಗುವುದನ್ನು ಕಲಿಯಬೇಕು, ಗಂಡಾಗುವುದು ತಾನಾಗಿಯೇ ಬರುತ್ತದೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕಳೆದ ಒಂದೂವರೆ ಶತಮಾನದಲ್ಲಿ ಸ್ತ್ರೀ-ಪುರುಷ ಸಂಬಂಧವನ್ನು ಕುರಿತು ಬಂದ ಉತ್ತಮ ಗ್ರಂಥಗಳು ಅಲುಗಾಡಿಸುವುದು ಈ ಭಾವನೆಯನ್ನೇ. ಆದ್ದರಿಂದ ಅವು ಮೇಲ್ನೋಟಕ್ಕೆ ಸ್ತ್ರೀಯರನ್ನು ಕುರಿತವಾದರೂ ಓದಬೇಕಾದವರು ಮುಖ್ಯವಾಗಿ ನಾವು, ಪುರುಷರು. ಮತ್ತು ನಾವು ಅವನ್ನು ಓದುತ್ತಿರುವ ಕ್ರಮ ಸರಿಯಾಗಿಲ್ಲ. ಇಷ್ಟನ್ನು ವಾಚಕ ಮಹಾಶಯರ ಮುಂದಿಡುವುದು ನನ್ನ ಉದ್ದೇಶ.

ಅನ್ಯರ ಮೇಲೆ ತಪ್ಪು ಹೊರಿಸುವ ಮುನ್ನ ನನ್ನ ತಪ್ಪನ್ನೇ ಹೇಳಿಕೊಳ್ಳುವುದು ಲೇಸು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ನಿವೃತ್ತಿಯ ಬಳಿಕ ನನ್ನ ಮಗಳು ಇಂಥ ಐದಾರು ಗ್ರಂಥಗಳನ್ನು ತಂದುಕೊಟ್ಟು, "ಅಪ್ಪಾಜಿ, ಇಷ್ಟು ದಿನ ಬೇರೆಯವರಿಗೆ ಪಾಠ ಹೇಳಿದಿರಿ, ಈಗ ಇವನ್ನು ಓದಿ" ಎಂದಳು. ಓದತೊಡಗಿದೆ. ಅಧ್ಯಾಪಕನ ಚಾಳಿ ಬಿಡಲಿಲ್ಲ. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ಸಿಲು ಹಿಡಿದೇ ಕುಳಿತೆ. 'ಅತಿಶಯೋಕ್ತಿ', 'ಏಕಪಕ್ಷೀಯ', 'ನಮ್ಮ ದೇಶಕ್ಕೆ ಅನ್ವಯಿಸದು' ಎಂದು ಅಂಚಿನಲ್ಲಿ ಬರೆಯುತ್ತ ಹೋದೆ. ಮೂರು ಗ್ರಂಥಗಳು ಮುಗಿದ ಮೇಲೆ ಆ ಟಿಪ್ಪಣಿಗಳನ್ನು ತಿರುವಿ ನೋಡಿದಾಗ ಒಂದು ಸಂಗತಿ ಹೊಳೆಯಿತು. ಪ್ರತಿಯೊಂದು ಟಿಪ್ಪಣಿಯೂ ಬರೆದವರ ಮೇಲಿನ ತೀರ್ಪಾಗಿತ್ತು. 'ಇದು ನನ್ನ ವಿಷಯದಲ್ಲಿ ನಿಜ' ಎಂಬ ಒಂದು ಟಿಪ್ಪಣಿಯೂ ಇರಲಿಲ್ಲ. ಅಲ್ಲಿಂದ ಮತ್ತೆ ಮೊದಲಿನಿಂದ ಓದಿದೆ. ಮುಂದಿನ ವಿಮರ್ಶೆ ಆ ಎರಡನೆಯ ಓದಿನ ಫಲ.

ಮೊದಲನೆಯದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1869ರಲ್ಲಿ ಪ್ರಕಟಿಸಿದ, ಸ್ತ್ರೀಯರ ಪರಾಧೀನತೆಯನ್ನು ಕುರಿತ ಗ್ರಂಥ. ಸ್ತ್ರೀಯ ಸಹಜ ಸ್ವಭಾವವೆಂದು ನಾವು ಹೇಳುತ್ತಿರುವುದು ಸಹಜವಾದುದಲ್ಲ; ಕೆಲವು ಗುಣಗಳನ್ನು ಒತ್ತಿ ಅಡಗಿಸಿ, ಮತ್ತೆ ಕೆಲವನ್ನು ಕಾವು ಕೊಟ್ಟು ಬೆಳೆಸಿ ಮಾಡಿದ ಕೃತಕ ವಸ್ತು ಎಂಬುದು ಅದರ ಮುಖ್ಯ ವಾದ. ಮಿಲ್ ಅವರ ವಾದಕ್ಕಿಂತ ಅವರ ನಡೆ ನನ್ನನ್ನು ಹೆಚ್ಚು ಸೆಳೆಯಿತು. ಆ ಕಾಲದ ಇಂಗ್ಲೆಂಡಿನ ಕಾನೂನಿನಂತೆ ಮದುವೆಯಾದೊಡನೆ ಹೆಂಡತಿಯ ಸ್ವತ್ತು ಗಂಡನ ವಶವಾಗುತ್ತಿತ್ತು. 1851ರಲ್ಲಿ ಹ್ಯಾರಿಯೆಟ್ ಟೇಲರ್ ಅವರನ್ನು ವಿವಾಹವಾಗುವ ಸಂದರ್ಭದಲ್ಲಿ ಮಿಲ್, ಪತಿಯೆಂಬ ಕಾರಣಕ್ಕಾಗಿ ಕಾನೂನು ತನಗೆ ನೀಡುವ ಅಧಿಕಾರಗಳನ್ನು ತಾನು ಬಳಸುವುದಿಲ್ಲವೆಂದು ಬರೆದಿಟ್ಟರು. 1867ರಲ್ಲಿ ಪಾರ್ಲಿಮೆಂಟಿನ ಸದಸ್ಯರಾಗಿದ್ದಾಗ, ಮತದಾನದ ಮಸೂದೆಯಲ್ಲಿ 'ಪುರುಷ' ಎಂದಿರುವೆಡೆ 'ವ್ಯಕ್ತಿ' ಎಂದು ತಿದ್ದಬೇಕೆಂಬ ಸೂಚನೆ ಮಂಡಿಸಿದರು. ಅದರ ಪರವಾಗಿ 73 ಮತಗಳು, ವಿರುದ್ಧವಾಗಿ 196 ಮತಗಳು ಬಂದು ಸೂಚನೆ ಬಿದ್ದುಹೋಯಿತು. ಬರೆದುದಕ್ಕೆ ಸಾಕ್ಷಿಯಾಗಿ ಬದುಕನ್ನಿಟ್ಟ ಲೇಖಕರು ವಿರಳ. ಮಿಲ್ ಅಂಥವರಲ್ಲೊಬ್ಬರು.

ಆದರೂ ಅವರ ಗ್ರಂಥಕ್ಕೊಂದು ಮಿತಿಯಿದೆ. ಪುರುಷನು ಉದ್ಯೋಗವೊಂದನ್ನು ಆರಿಸಿಕೊಳ್ಳುವಂತೆ, ಮದುವೆಯಾಗುವ ಸ್ತ್ರೀ ಮನೆವಾರ್ತೆಯನ್ನು ಆರಿಸಿಕೊಂಡಳೆಂದು ತಿಳಿಯಬೇಕೆಂದು ಅವರು ಒಪ್ಪಿಬಿಡುತ್ತಾರೆ. ಮತದಾನದ ಹಕ್ಕು, ಸ್ವತ್ತಿನ ಹಕ್ಕು, ವಿದ್ಯೆಯ ಹಕ್ಕು ಇವೆಲ್ಲವನ್ನೂ ಅಷ್ಟು ನಿಶಿತವಾಗಿ ಪರಿಶೀಲಿಸಿದ ಬುದ್ಧಿ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತುಬಿಟ್ಟಿತು. ಇದನ್ನು ಓದುವಾಗ ನನಗೆ ಮಿಲ್ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನೂ ಅದೇ ಹೊಸ್ತಿಲಲ್ಲಿ ನಿಂತವನೆಂಬ ಅರಿವಾಯಿತು.

ಎರಡನೆಯ ಗ್ರಂಥ ನಮ್ಮ ನೆರೆಯ ಮರಾಠಿಯದು. ಬೆರಾರ ಪ್ರಾಂತದ ಬುಲ್ಢಾಣದ ತಾರಾಬಾಯಿ ಶಿಂದೆ 1882ರಲ್ಲಿ ಪುಣೆಯಲ್ಲಿ ಪ್ರಕಟಿಸಿದ 'ಸ್ತ್ರೀ ಪುರುಷ ತುಲನಾ'. ಅದಕ್ಕೆ ಹಿಂದಿನ ವರ್ಷ ಸೂರತ್ತಿನ ವಿಜಯಲಕ್ಷ್ಮಿ ಎಂಬ ತರುಣ ವಿಧವೆಗೆ ಶಿಶುಹತ್ಯೆಯ ಆರೋಪದ ಮೇಲೆ ಗಲ್ಲುಶಿಕ್ಷೆ ವಿಧಿಸಲಾಗಿತ್ತು. ಮೇಲ್ಮನವಿಯಲ್ಲಿ ಅದು ಗಡೀಪಾರಿಗೆ ಇಳಿಯಿತು. ಸ್ತ್ರೀಯರ ನಡತೆಗೆಟ್ಟಿತೆಂದು ಅಂದಿನ ಪತ್ರಿಕೆಗಳು ಹುಯಿಲೆಬ್ಬಿಸಿದಾಗ ತಾರಾಬಾಯಿ ಲೇಖನಿ ಹಿಡಿದರು. ಆ ಮಗುವಿಗೆ ತಂದೆಯೊಬ್ಬನಿರಲೇಬೇಕಷ್ಟೆ? ಅವನ ವಿಚಾರಣೆ ಯಾವ ನ್ಯಾಯಾಲಯದಲ್ಲಿ? ಈ ಪ್ರಶ್ನೆಯೇ ಗ್ರಂಥದ ಬೀಜ. ಅವರ ವಿಧಾನ ಸರಳವಾದುದು. ಶಾಸ್ತ್ರಗಳೂ ನಾಟಕಗಳೂ ಹೆಣ್ಣಿನ ಮೇಲೆ ಹೊರಿಸಿದ ದುರ್ಗುಣಗಳನ್ನು ಒಂದೊಂದಾಗಿ ಎತ್ತಿಕೊಂಡು, ಇದು ಗಂಡಸಿನಲ್ಲಿ ಇಲ್ಲವೇ ಎಂದು ಕೇಳುತ್ತ ಹೋಗುತ್ತಾರೆ. ಮಿಲ್ ಅವರದು ತರ್ಕವಾದರೆ ತಾರಾಬಾಯಿಯವರದು ಬೆಂಕಿ. ಆ ಬರವಣಿಗೆಯಲ್ಲಿ ಮುಂದುವರಿಕೆಗಿಂತ ಸುತ್ತುವಿಕೆ ಹೆಚ್ಚು, ಕೆಲವೆಡೆ ಬೈಗಳೂ ಉಂಟು. ನನ್ನ ಕೆಂಪು ಪೆನ್ಸಿಲು ಅತಿ ಹೆಚ್ಚು ಕೆಲಸ ಮಾಡಿದ್ದು ಇಲ್ಲಿಯೇ. ಆದರೆ ನೇಣಿನ ಕುಣಿಕೆಯ ಎದುರಿನಲ್ಲಿ ನಿಂತು ಮಾತನಾಡುವವರಿಂದ ಸಮತೂಕದ ಗದ್ಯವನ್ನು ಬಯಸುವುದು ಓದುಗನ ಸೌಖ್ಯದ ಲಕ್ಷಣವೇ ಹೊರತು ವಿವೇಕದ ಲಕ್ಷಣವಲ್ಲ.

ಆ ಗ್ರಂಥಕ್ಕೆ ಒದಗಿದ ಗತಿಯೂ ಚಿಂತನಾರ್ಹವಾದುದು. ಅಂದು ಎದ್ದ ಟೀಕೆಗೆ ಉತ್ತರವಾಗಿ ಮಹಾತ್ಮಾ ಜೋತಿಬಾ ಫುಲೆಯವರು 1885ರಲ್ಲಿ ತಮ್ಮ 'ಸತ್ಸಾರ'ದಲ್ಲಿ ತಾರಾಬಾಯಿಯವರನ್ನು ಸಮರ್ಥಿಸಿದರು. ಅನಂತರ ಗ್ರಂಥ ಮರೆಗೆ ಸಂದು, ಮತ್ತೆ ಮುದ್ರಣವಾದದ್ದು 1975ರಲ್ಲಿ. ತೊಂಬತ್ತು ವರ್ಷಗಳಿಗೂ ಮೀರಿದ ಈ ಮೌನವನ್ನು ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ತಂದುದಲ್ಲ. ಪುಸ್ತಕವನ್ನು ಕೈಗೆತ್ತಿಕೊಳ್ಳಬಹುದಾಗಿದ್ದ ವಿದ್ಯಾವಂತ ಪುರುಷರು ಕೈಗೆತ್ತಿಕೊಳ್ಳಲಿಲ್ಲ, ಅಷ್ಟೇ ಸಾಕಾಯಿತು.

ಮೂರನೆಯದು ಫ್ರಾನ್ಸಿನ ಸಿಮೋನ್ ದ ಬೋವಾ 1949ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ 'ದಿ ಸೆಕೆಂಡ್ ಸೆಕ್ಸ್'. ಪುರುಷನು ತನ್ನನ್ನೇ ಮಾನವಕುಲದ ಮಾದರಿಯೆಂದು ಇಟ್ಟುಕೊಂಡು ಸ್ತ್ರೀಯನ್ನು 'ಬೇರೆಯದು' ಎಂದು ಎಣಿಸಿದ್ದಾನೆ. ಹೆಣ್ಣುತನವೆಂಬುದು ಹುಟ್ಟಿನೊಡನೆ ಬಂದ ವಸ್ತುವಲ್ಲ, ಸಮಾಜ ಬಿತ್ತಿ ಬೆಳೆಸಿದ ಬೆಳೆ ಎಂಬುದು ಅದರ ಸಾರ. ಮೇಲೆ ಹೇಳಿದ ಗ್ರಂಥಾಲಯದ ಕಪಾಟಿನ ವ್ಯವಸ್ಥೆಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಡ. 1953ರಲ್ಲಿ ಬಂದ ಇಂಗ್ಲಿಷ್ ಅನುವಾದವನ್ನು ಮಾಡಿದವರು ಪಾರ್ಶ್ಲಿ ಎಂಬ ಪ್ರಾಣಿಶಾಸ್ತ್ರಜ್ಞರು. ಪ್ರಕಾಶಕರ ಅಪೇಕ್ಷೆಯಂತೆ ಹಲವು ಭಾಗಗಳನ್ನು ಕತ್ತರಿಸಿದ ಅನುವಾದವದು. ಪೂರ್ಣಪಾಠ ಇಂಗ್ಲಿಷಿನಲ್ಲಿ ದೊರೆತದ್ದು 2009ರಲ್ಲಿ, ಇಬ್ಬರು ಸ್ತ್ರೀಯರ ಅನುವಾದದಿಂದ. ಆದ್ದರಿಂದ ನಮ್ಮ ತಲೆಮಾರಿನವರು ಆ ಗ್ರಂಥವನ್ನು ಇಂಗ್ಲಿಷಿನಲ್ಲಿ ಓದಿದ್ದೇವೆಂದು ಹೇಳುವಾಗ ಓದಿದ್ದು ಸವರಿದ ಮರವನ್ನೆಂಬುದನ್ನು ನೆನಪಿಡಬೇಕು.

ಬೋವಾ ಅವರೊಡನೆ ನನಗೆ ಒಂದು ಭಿನ್ನಾಭಿಪ್ರಾಯವಿದೆ. ಎರಡನೆಯ ಓದಿನಲ್ಲಿಯೂ ಅದು ಉಳಿಯಿತು. ಮನೆಗೆಲಸವನ್ನು ಅವರು ಮುಂದೆ ಸಾಗದೆ ಸುತ್ತಿದಲ್ಲಿಯೇ ಸುತ್ತುವ ನಿಷ್ಫಲ ದುಡಿಮೆಯೆಂದು ಕಾಣುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಪಾಠದಲ್ಲಿ ಬೆಳೆದ ನಮಗೆ ಈ ಮಾತು ರುಚಿಸದು. ಮುಸುರೆ ತಿಕ್ಕುವುದೂ ಕಾಯಕವೇ, ಹಸಿದವರಿಗೆ ಉಣಬಡಿಸುವುದು ಅದಕ್ಕಿಂತ ದೊಡ್ಡ ಕಾಯಕ. ಆದರೆ ಈ ಉತ್ತರವನ್ನು ಕೊಟ್ಟೊಡನೆ ಮರುಪ್ರಶ್ನೆ ಎದ್ದು ನಿಲ್ಲುತ್ತದೆ. ಅದು ಅಷ್ಟು ಶ್ರೇಷ್ಠವಾದ ಕಾಯಕವಾಗಿದ್ದಲ್ಲಿ ನಾವೇಕೆ ಅದರಲ್ಲಿ ಪಾಲು ಬೇಡಲಿಲ್ಲ? 2019ರಲ್ಲಿ ಕೇಂದ್ರ ಸರ್ಕಾರದ ಸಂಖ್ಯಾಶಾಸ್ತ್ರ ಕಚೇರಿ ನಡೆಸಿದ ಸಮಯಬಳಕೆಯ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ದಿನವೊಂದರಲ್ಲಿ ತೊಡಗಿದ ಸ್ತ್ರೀಯರು ಶೇಕಡಾ 81.2, ಪುರುಷರು ಶೇಕಡಾ 26.1. ಹಾಗೆ ತೊಡಗಿದವರಲ್ಲಿಯೂ ಸ್ತ್ರೀಯರು ಸರಾಸರಿ 299 ನಿಮಿಷ ದುಡಿದರೆ ಪುರುಷರು ದುಡಿದದ್ದು 97 ನಿಮಿಷ. ಒಂದು ಕೆಲಸವನ್ನು ಹೊಗಳಿ ಇನ್ನೊಬ್ಬರಿಗೇ ಬಿಟ್ಟುಬಿಡುವುದು ಕಾಯಕತತ್ತ್ವವಲ್ಲ. ಬೋವಾ ಅವರ ಮಾತನ್ನು ಖಂಡಿಸುವ ಅಧಿಕಾರ ನಮ್ಮ ಕೈ ಒದ್ದೆಯಾದ ಮೇಲೆ ಬರುವಂಥದು.

ಇತ್ತೀಚಿನ ದಶಕಗಳಲ್ಲಿ ಪುರುಷನನ್ನೇ ವಸ್ತುವಾಗಿ ಇಟ್ಟುಕೊಂಡ ಗ್ರಂಥಗಳೂ ಬಂದಿವೆ. ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಅವರ 'ಮ್ಯಾಸ್ಕುಲಿನಿಟೀಸ್' 1995ರದು. ಹೆಸರೇ ಬಹುವಚನ. ಗಂಡಸುತನವೆಂಬುದು ಒಂದಲ್ಲ, ಹಲವು. ಅವುಗಳಲ್ಲಿ ಒಂದು ಬಗೆ ಯಜಮಾನಿಕೆಯ ಪೀಠವನ್ನೇರಿ ಮಿಕ್ಕವನ್ನು ಕೀಳುಮಾಡುತ್ತದೆ. ಬಹುಮಂದಿ ಪುರುಷರು ಆ ಮಾದರಿಯನ್ನು ತಲುಪಲಾರರಾದರೂ ಅದು ತರುವ ಲಾಭಾಂಶವನ್ನು ಸದ್ದಿಲ್ಲದೆ ಪಡೆಯುತ್ತಾರೆ. ಹಲವು ಆಸ್ಟ್ರೇಲಿಯನ್ ಪುರುಷರ ಜೀವನವೃತ್ತಾಂತಗಳನ್ನು ಕೇಳಿ ಕಟ್ಟಿದ ಸಿದ್ಧಾಂತವಿದು. ಭಾಷೆ ಒರಟು, ಪರಿಭಾಷೆ ಹೇರಳ. ಆದರೆ 'ನಾನು ಹೆಂಡತಿಯನ್ನು ಹೊಡೆದವನಲ್ಲ, ಬೈದವನಲ್ಲ, ನನಗೂ ಈ ವಿಚಾರಕ್ಕೂ ಏನು ಸಂಬಂಧ?' ಎಂದು ಕೇಳುವ ಸಜ್ಜನನಿಗೆ ಆ ಲಾಭಾಂಶದ ಮಾತಿನಷ್ಟು ನೇರವಾದ ಉತ್ತರ ಬೇರೆಡೆ ನನಗೆ ದೊರೆಯಲಿಲ್ಲ.

2021ರಲ್ಲಿ ತೀರಿಕೊಂಡ ಅಮೆರಿಕದ ಕರಿಯ ಲೇಖಕಿ ಬೆಲ್ ಹುಕ್ಸ್ ಅವರ 'ದಿ ವಿಲ್ ಟು ಚೇಂಜ್' 2004ರದು. ಇದು ಪುರುಷರ ಮೇಲಿನ ದೂರಲ್ಲ, ಅವರ ಬಗೆಗಿನ ಮರುಕ. ಬಾಲಕನನ್ನು ಗಂಡಸನ್ನಾಗಿ ಮಾಡುವ ಮೊದಲ ಹೆಜ್ಜೆಯಾಗಿ ಅವನ ಭಾವನೆಗಳನ್ನು ಅವನಿಂದಲೇ ಕೊಲ್ಲಿಸಲಾಗುತ್ತದೆ ಎಂದು ಅವರು ವಾದಿಸುತ್ತಾರೆ. 'ಗಂಡಸಾಗಿ ಅಳುತ್ತೀಯಾ' ಎಂಬ ಮಾತನ್ನು ಕೇಳದೆ ಬೆಳೆದ ಗಂಡುಮಗು ನಮ್ಮ ಸೀಮೆಯಲ್ಲಿ ಉಂಟೆ? ನನ್ನ ತಂದೆ ತೀರಿಕೊಂಡ ದಿನ ನೆರೆಹೊರೆಯವರು ನನಗೆ ಹೇಳಿದ ಸಮಾಧಾನದ ಮಾತು ಅದೊಂದೇ. ಈ ಗ್ರಂಥದ ದೃಷ್ಟಾಂತಗಳೆಲ್ಲ ಅಮೆರಿಕದವು. ಅಲ್ಲಿಯ ಕುಟುಂಬ, ಅಲ್ಲಿಯ ಚಲನಚಿತ್ರ, ಅಲ್ಲಿಯ ಮನೋವೈದ್ಯ. ಅತ್ತೆ-ಸೊಸೆ, ಅಣ್ಣ-ತಮ್ಮಂದಿರ ಕೂಡುಕುಟುಂಬ, ಜಾತಿ ಇವುಗಳ ನಡುವೆ ಗಂಡಸುತನ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಅದರಲ್ಲಿ ಅರಸಬಾರದು. ಅದನ್ನು ನಮ್ಮವರೇ ಬರೆಯಬೇಕು.

ಇವೆಲ್ಲಕ್ಕಿಂತ ಹೆಚ್ಚು ಮಂದಿ ಓದಿರುವುದು ಮತ್ತೊಂದು ಬಗೆಯ ಗ್ರಂಥಗಳನ್ನು. ಪುರುಷರು ಮಂಗಳಗ್ರಹದವರು, ಸ್ತ್ರೀಯರು ಶುಕ್ರಗ್ರಹದವರು ಎಂಬ ರೂಪಕವನ್ನೇ ಹೆಸರಾಗಿಸಿಕೊಂಡ ಅಮೆರಿಕದ ಜಾನ್ ಗ್ರೇ ಅವರ 1992ರ ಗ್ರಂಥ ಇದಕ್ಕೆ ಪ್ರಸಿದ್ಧ ಉದಾಹರಣೆ. ಮನಸ್ಸು ಕೆಟ್ಟಾಗ ಪುರುಷ ತನ್ನ ಗುಹೆಯನ್ನು ಹೊಕ್ಕು ಮೌನವಾಗುತ್ತಾನೆ, ಸ್ತ್ರೀ ಮಾತನಾಡಿ ಹಗುರಾಗಬಯಸುತ್ತಾಳೆ, ಇದನ್ನರಿತು ಪರಸ್ಪರ ಹೊಂದಿಕೊಳ್ಳಿರಿ ಎಂಬುದು ಅದರ ಉಪದೇಶ. ಜಗಳವಾಡುವ ದಂಪತಿಗಳಿಗೆ ಒಂದು ಸಂಜೆಯ ಮಟ್ಟಿಗೆ ಇದು ಉಪಕಾರ ಮಾಡೀತು. ಆದರೆ ಇದರಲ್ಲಿ ಒಂದು ಮೋಸವಿದೆ. ಭೇದವನ್ನು ಗ್ರಹಗತಿಯೆಂದು ಒಪ್ಪಿಬಿಟ್ಟರೆ ಯಾರೂ ಬದಲಾಗಬೇಕಾಗಿಲ್ಲ. ಗುಹೆಯೊಳಗಿನ ಗಂಡಸಿಗೆ ಹೊತ್ತುಹೊತ್ತಿಗೆ ಊಟ ತಲುಪಿಸುತ್ತಿರುವವರು ಯಾರೆಂಬ ಪ್ರಶ್ನೆಯನ್ನು ಆ ರೂಪಕ ಕೇಳುವುದಿಲ್ಲ. ಓದಿದ ಪುರುಷನಿಗೆ ಹಾಯೆನಿಸಿದರೆ, ಅಂಥ ಗ್ರಂಥವನ್ನು ತುಸು ಶಂಕಿಸುವುದು ಒಳಿತು.

ಪರದೇಶದ ಗ್ರಂಥಗಳ ಗೊಡವೆಯೇಕೆ, ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಇವೆಲ್ಲವನ್ನೂ ಹೇಳಿಲ್ಲವೇ ಎಂದು ಭಕ್ತರು ಕೇಳುವುದುಂಟು. ಈ ಮಾತಿನಲ್ಲಿ ಸತ್ಯವಿದೆ. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರ ವಚನಗಳು ನಮಗೆ ಉಳಿದುಬಂದಿವೆ. ದೇಹದ ಕುರುಹಿನಿಂದ ಹೆಣ್ಣು-ಗಂಡು ಎಂದೆಣಿಸಬಹುದಾದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂಬ ವಿಚಾರವನ್ನು ಜೇಡರ ದಾಸಿಮಯ್ಯನೂ ಗೊಗ್ಗವ್ವೆಯೂ ನುಡಿದಿದ್ದಾರೆ. ಹೆಚ್ಚಿನ ಅಕ್ಕಿಯನ್ನು ಹೊತ್ತು ತಂದ ಮಾರಯ್ಯನನ್ನು ತಡೆದು, ಅದನ್ನು ಹಿಂದಕ್ಕೆ ಸುರಿದು ಬಾ ಎಂದವಳು ಲಕ್ಕಮ್ಮ. ಕಾಯಕದ ಮಾತು ಬಂದೊಡನೆ ಮಾರಯ್ಯನನ್ನು ನೆನೆಯುವ ನಾವು ಆ ಕಾಯಕವನ್ನು ಶುದ್ಧವಾಗಿರಿಸಿದವಳನ್ನು ಅಷ್ಟೇ ನೆನೆಯುತ್ತೇವೆಯೇ?

ಇನ್ನೊಂದು ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಶರಣಸತಿ-ಲಿಂಗಪತಿ ಭಾವವು ನಮ್ಮ ಸಾಧನೆಯ ತಿರುಳು. ಲಿಂಗದೆದುರಿನಲ್ಲಿ ಪುರುಷಭಕ್ತನೂ ಸತಿಯೇ. ಆ ಭಾವದಲ್ಲಿ ತನ್ನ ಅಹಂಕಾರವನ್ನು ಕರಗಿಸಿಕೊಂಡವನು ಪೂಜೆ ಮುಗಿಸಿ ಎದ್ದೊಡನೆ ಮನೆಯಲ್ಲಿ ಪತಿಯ ಸಿಂಹಾಸನವೇರಿ ಕುಳಿತರೆ ಆ ಸಾಧನೆ ಎಲ್ಲಿ ಉಳಿಯಿತು? ಮತ್ತೊಂದು ಮಗ್ಗುಲಿನಿಂದ ನೋಡಿದರೆ, ಸತಿಯಾಗುವುದೆಂದರೆ ಅಧೀನಳಾಗುವುದು ಎಂಬ ಲೋಕರೂಢಿಯನ್ನು ಆ ರೂಪಕವೂ ಬಳಸಿಕೊಂಡಿದೆ ಎಂಬ ಟೀಕೆಯನ್ನು ನಾವು ಕಿವಿಗೊಟ್ಟು ಕೇಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಪತಿತ್ವವನ್ನು ಲಿಂಗವೊಂದಕ್ಕೇ ಮೀಸಲಿರಿಸಿದ ಮೇಲೆ ಮನುಷ್ಯರೊಳಗೆ ಒಡೆಯನೆಂಬವನಿಗೆ ಎಡೆಯಿಲ್ಲ. ರೂಪಕದ ಈ ಅರ್ಥವನ್ನು ಬದುಕಿನಲ್ಲಿ ತೋರಿಸಿದಾಗ ಮಾತ್ರ ಟೀಕೆಗೆ ಉತ್ತರ ಕೊಟ್ಟಂತಾಗುತ್ತದೆ. 'ನಮ್ಮಲ್ಲಿ ಮೊದಲೇ ಇತ್ತು' ಎಂಬ ಹೆಮ್ಮೆ, ಓದದಿರಲು ನಾವು ಕಂಡುಕೊಂಡ ನೆವವಾಗಬಾರದು.

ಪ್ರಸಾದನಿಲಯದ ದಿನಗಳನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಬೆಳಗಿನ ಜಾವ ಎದ್ದು ಅಂಗಳ ಗುಡಿಸುತ್ತಿದ್ದೆವು. ಅಕ್ಕಿಯ ಕಲ್ಲು ಆರಿಸುತ್ತಿದ್ದೆವು. ಸರದಿಯಂತೆ ಮುದ್ದೆಕೋಲು ಹಿಡಿದು ತಿರುವುತ್ತಿದ್ದೆವು. ಸಾಲುಪಂಕ್ತಿಗೆ ಬಡಿಸಿ, ಕೊನೆಗೆ ನಾವುಂಡು, ತಟ್ಟೆ ತೊಳೆದು, ಬಟ್ಟೆ ಒಗೆದುಕೊಳ್ಳುತ್ತಿದ್ದೆವು. ಅದು ಹೆಂಗಸರ ಕೆಲಸವೆಂದು ನಮಗಾರಿಗೂ ಅನಿಸಲಿಲ್ಲ. ಅಲ್ಲಿ ಹೆಂಗಸರೇ ಇರಲಿಲ್ಲ. ಮದುವೆಯಾಗಿ ಮನೆ ಹೂಡಿದ ದಿನವೇ ಅದೆಲ್ಲವೂ ನನ್ನ ಕೈಬಿಟ್ಟಿತು. ಯಾರೂ ಬೇಡವೆನ್ನಲಿಲ್ಲ, ನಾನೂ ಯೋಚಿಸಲಿಲ್ಲ. ಈ ಗ್ರಂಥಗಳನ್ನು ಎರಡನೆಯ ಸಲ ಓದುತ್ತಿದ್ದ ಕಾಲದಲ್ಲಿ ನನ್ನ ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಒಲೆಯ ಬಳಿ ಹೋಗಬಾರದೆಂದು ವೈದ್ಯರು ತಿಳಿಸಿದ್ದರು. ಮಗಳು ಊರಿನಲ್ಲಿರಲಿಲ್ಲ. ನಾನು ಅಡಿಗೆಮನೆ ಹೊಕ್ಕೆ. ಉಪ್ಪಿನ ಭರಣಿ ಎಲ್ಲಿದೆಯೆಂಬುದನ್ನೂ ಕೇಳಿ ತಿಳಿಯಬೇಕಾಯಿತು. ಆದರೆ ಎಸರು ಕುದಿದು ಹಿಟ್ಟು ಬಿದ್ದ ಮೇಲೆ, ಐವತ್ತು ವರ್ಷಗಳ ಹಿಂದಿನ ಅಭ್ಯಾಸ ಕೈಗೆ ತಾನಾಗಿ ಮರಳಿತು. ಗಂಟಿಲ್ಲದ ಮುದ್ದೆ. ಕಪ್ಪು ಕನ್ನಡಕ ಧರಿಸಿ ಕುಳಿತಿದ್ದ ಆಕೆ ತುತ್ತು ಮುರಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಈ ಕೈ ಎಲ್ಲಿತ್ತು ರೀ?" ಎಂದಳು. ಅದರಲ್ಲಿ ದೂರಿರಲಿಲ್ಲ. ಬರಿಯ ಅಚ್ಚರಿಯಿತ್ತು. ಮಿಲ್, ತಾರಾಬಾಯಿ, ಬೋವಾ ಇವರಿಗೆಲ್ಲ ಕೆಂಪು ಪೆನ್ಸಿಲಿನಿಂದ ಉತ್ತರ ಬರೆದಿದ್ದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಇಂಥ ಗ್ರಂಥಗಳನ್ನು ಓದುವ ಕ್ರಮದ ಬಗ್ಗೆ ನಾನು ಹೇಳಬಹುದಾದುದು ಇಷ್ಟೇ. ಬರೆದವರನ್ನು ಅಳೆಯುವ ಮುನ್ನ ಅವರ ಅಳತೆಗೋಲಿಗೆ ಒಮ್ಮೆ ನಮ್ಮನ್ನು ಒಡ್ಡಿಕೊಳ್ಳಬೇಕು. ಒಪ್ಪಲಾಗದ ಮಾತನ್ನು ಅಲ್ಲಗಳೆಯೋಣ. ಮಿಲ್ ಅವರ ಮಿತಿ ಮಿತಿಯೇ, ಬೋವಾ ಅವರ ಅರಸಿಕತೆ ಅರಸಿಕತೆಯೇ. ಆದರೆ ಅಲ್ಲಗಳೆಯುವ ಹಕ್ಕನ್ನು ನಡೆಯಿಂದ ಸಂಪಾದಿಸಿಕೊಳ್ಳೋಣ. ಓದಿದ್ದನ್ನು ಪತ್ನಿಯೊಡನೆ, ತಂಗಿಯೊಡನೆ, ಸೊಸೆಯೊಡನೆ ಮಾತನಾಡಿ, ಅವರ ಉತ್ತರಕ್ಕಾಗಿ ಕಾಯೋಣ.

ಕೊನೆಯದಾಗಿ ಒಂದು ವಿನಂತಿ. ಪ್ರಸಾದನಿಲಯಗಳ ವಾಚನಾಲಯಗಳಲ್ಲಿ ಈ ಗ್ರಂಥಗಳಿಗೂ ಸ್ಥಳ ದೊರೆಯಲಿ. 'ಸ್ತ್ರೀ' ಎಂದು ಬರೆದ ಕಪಾಟಿನಲ್ಲಲ್ಲ, ಹುಡುಗರು ದಿನವೂ ಕೈಹಾಕುವ ಕಪಾಟಿನಲ್ಲಿ. ಮುದ್ದೆಕೋಲು ಹಿಡಿಯಲು ಕಲಿಸಿದ ತಾಣವೇ, ಮದುವೆಯ ಮರುದಿನ ಅದನ್ನು ಕೆಳಗಿಡಬೇಡವೆಂದೂ ಕಲಿಸಬಲ್ಲುದು. ನನ್ನಂತೆ ಎಪ್ಪತ್ತರ ಅಂಚಿನಲ್ಲಿ ಈ ಪಾಠ ಕಲಿಯುವ ಗತಿ ಇಂದಿನ ವಿದ್ಯಾರ್ಥಿಗಳಿಗೆ ಬಾರದಿರಲಿ. ಶರಣು.